ನಮ್ಮೂರಿಗೆ ಬಂದ ಪೇಪರ್

ಫೆಬ್ರವರಿ 20

ಪ್ರೀತಿಯ ತಮ್ಮನಿಗೆ,

ನಿನ್ನ ಭಾವನನ್ನು ಮಣ್ಣಿಗೆ ಕಳಿಸಿಕೊಟ್ಟ ದಿನ ನೀನು ಬಂದೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೆ, ಸಂಜೆಯ ಬಸ್ಸಿಗೆ ಹೊರಟುಹೋದೆ. ನನ್ನ ಮುಖ ನೋಡಲಿಲ್ಲ. ನಾನೂ ನಿನ್ನ ಮುಖ ನೋಡಲಿಲ್ಲ, ಆದ್ದರಿಂದ ಇದನ್ನು ದೂರು ಅಂದುಕೊಳ್ಳಬೇಡ. ಆಮೇಲೆ ನಿನ್ನಿಂದ ಒಂದು ಸಾಲೂ ಬರಲಿಲ್ಲ. ದಿನಾ ಊರಿಗೆಲ್ಲ ಸುದ್ದಿ ಕೊಡುವವನಿಗೆ ಅಕ್ಕನಿಗೆ ಏನು ಬರೆಯುವುದು ಅಂತ ತೋಚಲಿಲ್ಲವೇನೋ. ನನಗೂ ಇಷ್ಟು ದಿನ ತೋಚಿರಲಿಲ್ಲ.

ಮನೆ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ರಿಪೇರಿಗೆ ಬಂದ ಹೊಲಿಗೆ ಯಂತ್ರಗಳು ಸಾಲಾಗಿ ಕುಳಿತಿವೆ. ಒಂದನ್ನು ಇವರು ಬಿಚ್ಚಿ ಮಗುಚಿ ಇಟ್ಟಿದ್ದರು. ಅದರ ಬಿಡಿಭಾಗ ತರುವುದಕ್ಕೇ ಅವತ್ತು ನದಿ ದಾಟುವ ಲಾಂಚ್ ಹತ್ತಿ ಆಚೆ ದಡದ ಪೇಟೆಗೆ ಹೋಗಿದ್ದು. ಮೊನ್ನೆ ಆ ಯಂತ್ರದ ಒಡತಿ ಬಂದಿದ್ದರು. "ಅವಸರ ಏನಿಲ್ಲಮ್ಮ, ಸುಮ್ನೆ ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದರು. ಕಣ್ಣು ಮಾತ್ರ ಯಂತ್ರದ ಮೇಲೇ ಇತ್ತು. ಪಾಪ, ಅವರ ಹೊಟ್ಟೆಪಾಡು ಅದರಲ್ಲೇ ತಾನೆ.

ಈಗ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ನನ್ನ ನಾದಿನಿ ನಗರದಿಂದ ಕಾಗದ ಹಾಕಿದ್ದಾಳೆ. ಅತ್ತೆ ಇರುವುದು ಅವಳ ಮನೆಯಲ್ಲೇ ಅಲ್ಲವೇ. ಲಾಂಚ್ ಮುಳುಗಿದ ಮರುದಿನ, ಜನವರಿ 25ರ ಬೆಳಿಗ್ಗೆ, ಅವರು ಪೇಪರ್ ಬಿಡಿಸಿದರೆ ಮುಖಪುಟದಲ್ಲೇ 'ಲಾಂಚ್ ಮುಳುಗಿ ಹನ್ನೊಂದು ಸಾವು' ಅಂತ ಇತ್ತಂತೆ. ಕೆಳಗೆ ಕೊಟ್ಟ ಹೆಸರುಗಳಲ್ಲಿ ಇವರದೂ ಇತ್ತಂತೆ. ಅಷ್ಟು ದೂರ ಇರುವ ನಮಗೇ ಬೆಳಗಾಗುತ್ತಲೇ ಗೊತ್ತಾಯಿತು, ನದಿ ಪಕ್ಕದಲ್ಲೇ ಇದ್ದ ನಿಮಗೆ ಗೊತ್ತಾಗಲಿಲ್ಲವೇ, ಅಣ್ಣ ಆಚೆ ದಡದ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಜೀವ ಹಿಡಿದುಕೊಂಡಿದ್ದನಲ್ಲ, ನೀವು ಮನೆಯಲ್ಲಿ ಕುಳಿತು ಏನು ಮಾಡುತ್ತಿದ್ದಿರಿ ಅಂತ ಕೇಳಿದ್ದಾಳೆ. ಇವಳು ನನ್ನ ಮಗನನ್ನು ಒಬ್ಬನೇ ಸಾಯಲು ಬಿಟ್ಟಳು ಅಂತ ಅತ್ತೆ ಹೇಳಿದರಂತೆ.

ನಾನು ಮನೆಯಲ್ಲಿ ಏಕೆ ಕುಳಿತಿದ್ದೆ ಅನ್ನುವುದು ನಿನಗೆ ಗೊತ್ತು. ನಮ್ಮೂರಿಗೆ ಬಂದ ಪೇಪರಿನಲ್ಲಿ, ಅದೇ ತಾರೀಖಿನ ನಿನ್ನದೇ ಪೇಪರಿನಲ್ಲಿ, 'ಲಾಂಚ್ ಮುಳುಗಡೆ: ಎಲ್ಲರೂ ಪಾರು' ಅಂತ ಇತ್ತು. ಹಿಂದಿನ ಸಂಜೆ ನಾವೆಲ್ಲ ದಡಕ್ಕೆ ಓಡಿದ್ದೆವು. ಎಲ್ಲರನ್ನೂ ಆಚೆ ದಡಕ್ಕೆ ಎತ್ತಿದ್ದಾರೆ, ಬೆಳಿಗ್ಗೆ ಬರುತ್ತಾರೆ, ಮನೆಗೆ ಹೋಗಿ ಅಂತ ಪೊಲೀಸಿನವರು ಹೇಳಿ ಕಳಿಸಿದರು. ಅರೆನಂಬಿಕೆಯಲ್ಲಿ ಬಂದು ಕುಳಿತಿದ್ದೆ. ಬೆಳಿಗ್ಗೆ ಅಚ್ಚಿನಲ್ಲಿ ಕಂಡ ಮೇಲೆ ಪೂರ್ತಿ ನಂಬಿದೆ.

ಮಣ್ಣಿಗೆ ಬಂದ ದಿನವೇ ನಾದಿನಿಗೆ ಇದನ್ನು ಹೇಳಿದ್ದೆ. "ಒಂದೇ ಪೇಪರಲ್ಲಿ ಒಂದೇ ದಿನ ಎರಡೆರಡು ಥರ ಬರುತ್ತಾ ಅತ್ತಿಗೆ? ಯಾರ ಕಿವಿ ಮೇಲೆ ಹೂ ಇಡ್ತೀರಿ?" ಅಂದಳು. ತೋರಿಸೋಣ ಅಂದರೆ ಪ್ರತಿ ಇಲ್ಲ. ನಮ್ಮೂರಿನವರು ಸಿಟ್ಟಿನಲ್ಲಿ ಪೇಪರ್ ಏಜೆಂಟರ ಅಂಗಡಿ ಮುಂದೆ ಇದ್ದಬದ್ದದ್ದನ್ನೆಲ್ಲ ಸುಟ್ಟರು. ನನ್ನದನ್ನು ನಾನೇ ಒಲೆಗೆ ಹಾಕಿದೆ.

ನಿನ್ನ ಆಫೀಸಿನಲ್ಲಿ ಹಳೆಯ ಪೇಪರ್ ಎಲ್ಲ ಇಟ್ಟಿರುತ್ತಾರೆ ಅಂತ ಹೇಳುತ್ತಿದ್ದೆ. ಆ ದಿನದ್ದು, ನಮ್ಮೂರಿಗೆ ಬಂದದ್ದು, ಒಂದು ಕಳಿಸು. ಅತ್ತೆಗೆ ತೋರಿಸಬೇಕು. ಬೇರೇನೂ ಬೇಡ.

ಇಂತಿ,
ಅಕ್ಕ

ಮಾರ್ಚ್ 6

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ನೀನು ಕೇಳಿದ ಪ್ರತಿ ಸಿಗುವುದಿಲ್ಲ. ಏಕೆ ಅಂತ ಬರೆಯುತ್ತೇನೆ.

ನಮ್ಮ ಪೇಪರ್ ಒಂದು ದಿನಕ್ಕೆ ಒಂದೇ ಸಲ ಅಚ್ಚಾಗುವುದಿಲ್ಲ. ದೂರದ ಊರುಗಳಿಗೆ ಹೋಗುವುದು ಮೊದಲ ಆವೃತ್ತಿ. ಅದನ್ನು ಬೇಗ ಮುಗಿಸಿ ವ್ಯಾನಿಗೆ ಹಾಕದಿದ್ದರೆ ಬೆಳಿಗ್ಗೆ ನಿಮಗೆ ತಲುಪುವುದಿಲ್ಲ. ಆಮೇಲೆ ಬಂದ ಸುದ್ದಿ ಸೇರಿಸಿ, ಬದಲಾಯಿಸಿ, ಕಡೆಯಲ್ಲಿ ನಗರದ ಆವೃತ್ತಿ ಅಚ್ಚು ಹಾಕುತ್ತೇವೆ. ಹಾಗಾಗಿ ನಿಮ್ಮೂರಿನ ಸುದ್ದಿಯೇ ಆದರೂ ನಿಮ್ಮೂರಿಗಿಂತ ನಗರದವರಿಗೆ ಹೊಸದಾಗಿ ಸಿಗುತ್ತದೆ. ಇದು ಯಾವಾಗಲೂ ಹೀಗೇ. ಓದುಗರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಆಫೀಸಿನಲ್ಲಿ ಬೈಂಡ್ ಮಾಡಿಸಿ ಇಡುವುದು ನಗರದ ಆವೃತ್ತಿಯನ್ನು ಮಾತ್ರ. ಮೊದಲನೆಯದು ರದ್ದಿಗೆ ಹೋಗುತ್ತದೆ. ತಿದ್ದುಪಡಿ ಹಾಕೋಣವೇ ಅಂತ ಸುದ್ದಿ ಸಂಪಾದಕರನ್ನು ಕೇಳಿದೆ. ಬೈಂಡ್ ತೆಗೆಸಿ ನೋಡಿದರು. "ನಮ್ಮ ಫೈಲಲ್ಲಿ ಸರಿಯಾಗೇ ಇದೆಯಲ್ಲಪ್ಪ. ಇಲ್ಲದ ತಪ್ಪನ್ನ ಹೇಗೆ ತಿದ್ದೋದು?" ಅಂದರು.

ಅತ್ತೆಯವರಿಗೆ ನಾನೇ ಬರೆಯುವ ವಿಷಯ ಯೋಚಿಸುತ್ತೇನೆ. ಆರೋಗ್ಯ ನೋಡಿಕೋ.

ನಿನ್ನ ತಮ್ಮ

ಮಾರ್ಚ್ 15

ತಮ್ಮನಿಗೆ,

ನಿನ್ನ ಕಾಗದ ಓದಿದೆ. ಪೇಪರಿನ ಒಳಗೆ ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರು ಏಜೆಂಟರ ಅಂಗಡಿಗೆ ಹೋಗಿ, "ಮುಖಪುಟ ಮಾಡೋದು ನಮ್ಮ ಬಾಮೈದ, ಮಡಚದೆ ಕೊಡಿ" ಅನ್ನುತ್ತಿದ್ದರು. ಏಜೆಂಟರಿಗೆ ನಗು. ಮನೆಗೆ ಬಂದು ನನ್ನನ್ನೇ ಕಿಚಾಯಿಸುವುದು: "ನಿನ್ನ ತಮ್ಮನ ಪೇಪರ್ ನಿನ್ನೆಯದನ್ನ ಇವತ್ತು ಹೇಳುತ್ತೆ. ನಿನ್ನ ಬಾಯಿ ನಾಳೆಯದನ್ನ ಇವತ್ತೇ ಹೇಳುತ್ತೆ. ಸಂಪಾದಕರು ನಿನ್ನನ್ನ ಇಟ್ಕೋಬೇಕಿತ್ತು."

ಅವತ್ತು ಮುಖಪುಟ ಮಾಡಿದ್ದು ಯಾರು ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಅದು ಹಾಗೇ ಇರಲಿ.

ಆ ಬೆಳಿಗ್ಗೆ ಏನು ಮಾಡಿದೆ ಅಂತ ಯಾರೂ ನನ್ನನ್ನು ಕೇಳಿಲ್ಲ. ಕೇಳುವವರೆಲ್ಲ ಏನು ಮಾಡಲಿಲ್ಲ ಅಂತಲೇ ಕೇಳುತ್ತಾರೆ. ನಿನಗೆ ಹೇಳುತ್ತೇನೆ. ಏಜೆಂಟರ ಅಂಗಡಿ ಮುಂದೆ ನಿಂತೇ ಓದಿದೆ. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮನೆಗೆ ಬಂದು ಸ್ನಾನಕ್ಕೆ ನೀರು ಕಾಯಲಿಟ್ಟೆ, ನದಿಯಲ್ಲಿ ನೆನೆದು ಬರುತ್ತಾರಲ್ಲ ಅಂತ. ನೀಲಿ ಅಂಗಿ ಇಸ್ತ್ರಿ ಮಾಡಿದೆ. ನೀರು ಆರಿತು, ಮತ್ತೆ ಕಾಯಿಸಿದೆ. ಅಷ್ಟು ಜನರ ಮಧ್ಯೆ ಆ ಯಂತ್ರದ ಬಿಡಿಭಾಗವನ್ನು ಮಾತ್ರ ಜೋಪಾನ ಮಾಡಿ ತಂದಿರುತ್ತಾರೆ, ಚಪ್ಪಲಿ ಕಳೆದುಕೊಂಡಿರುತ್ತಾರೆ ಅಂದುಕೊಂಡು ಒಬ್ಬಳೇ ನಕ್ಕೆ. ಹೌದು, ನಗುತ್ತಿದ್ದೆ.

ಪಕ್ಕದ ಮನೆಯಾಕೆಯ ಮಗನೂ ಲಾಂಚಿನಲ್ಲಿದ್ದ. ಅವಳಿಗೆ ಓದು ಬಾರದು. "ಪೇಪರಲ್ಲಿ ಬಂದಿದೆ, ಎಲ್ಲರೂ ಪಾರು, ಬಾ ಕೂತ್ಕೋ" ಅಂದೆ. "ಬಂದಿರಲಿ ಬಿಡಿ ಅಕ್ಕ. ಒಂದ್ಸಲ ಕಣ್ಣಲ್ಲಿ ನೋಡ್ಕೊಂಡು ಬರ್ತೀನಿ" ಅಂತ ಮೊದಲ ದೋಣಿ ಹತ್ತಿದಳು. ಮಗನನ್ನು ಆಚೆ ದಡದ ಮರಳಿನ ಮೇಲೆ ಮಲಗಿಸಿದ್ದರು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೂ ಕುಳಿತಿದ್ದಳಂತೆ. ತಮ್ಮಾ, ಅವಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು ಆಗುತ್ತದೆ. ಮಗನನ್ನು ಕಳೆದುಕೊಂಡವಳ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನು. ಇದನ್ನು ಯಾರ ಮುಂದೆ ಹೇಳಲಿ?

ಅತ್ತೆಗೆ ಬರಿ. ನನ್ನ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ, ನಿನ್ನದನ್ನು ಹಾಕಿಕೊಳ್ಳುತ್ತಾರೆ.

ಅಕ್ಕ

ಏಪ್ರಿಲ್ 28

ತಮ್ಮನಿಗೆ,

ನೀನು ಬರೆಯಲಿಲ್ಲ. ನನಗೂ ಬರೆಯಲಿಲ್ಲ, ಅತ್ತೆಗೂ ಬರೆಯಲಿಲ್ಲ. ನಾದಿನಿಯ ಕಾಗದ ಮತ್ತೆ ಬಂದಿದೆ. ಇನ್ನು ಮುಂದೆ ನಾನು ಅವರ ಮನೆ ಬಾಗಿಲಿಗೆ ಬರಬಾರದಂತೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿದ್ದವರು ಅತ್ತೆ. ಅಮ್ಮ ತೀರಿಕೊಂಡ ಮೇಲೆ ನಮಗಿಬ್ಬರಿಗೂ ಅವರೇ ಅಮ್ಮನ ಹಾಗೆ ಇದ್ದರು. ನಿನಗೆ ಕೆಲಸ ಸಿಕ್ಕಾಗ ಬೀದಿಗೆಲ್ಲ ಹೇಳಿದವರೂ ಅವರೇ.

ಕಳೆದ ವಾರ ನಾನು ಆಚೆ ದಡಕ್ಕೆ ಹೋಗಿದ್ದೆ. ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡೇ ಕುಳಿತೆ. ಆಸ್ಪತ್ರೆಯಲ್ಲಿ ಅವತ್ತು ಇದ್ದ ನರ್ಸನ್ನು ಹುಡುಕಿದೆ. ಬೇಗ ಸಿಕ್ಕಳು, ಸಣ್ಣ ಆಸ್ಪತ್ರೆ. ಅವಳಿಗೆ ಇವರ ನೆನಪಿತ್ತು. ಕೊನೆಯ ಮಂಚ, ಕಿಟಕಿ ಪಕ್ಕ. ಎದೆಯಲ್ಲಿ ನೀರು ತುಂಬಿತ್ತಂತೆ, ಆದರೂ ಬೆಳಿಗ್ಗೆ ಸ್ವಲ್ಪ ಮಾತಾಡುತ್ತಿದ್ದರಂತೆ. ಹೆಸರು ವಿಳಾಸ ಎಲ್ಲ ರಾತ್ರಿ ತಂದಾಗಲೇ ಹೇಳಿದ್ದರಂತೆ. ಪೊಲೀಸರಿಗೆ ಹೇಳಿ ಕಳಿಸಿದೆವು, ಅವರೆಲ್ಲ ದಡದಲ್ಲೇ ಇದ್ದರು, ಯಾರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ ಅಂದಳು.

ಮುಂದಿನದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ.

ಮನೆಯಲ್ಲಿ ಗೊತ್ತಾಯಿತಾ ಅಂತ ಇವರು ಮತ್ತೆ ಮತ್ತೆ ಕೇಳಿದರಂತೆ. ಅವಳು ಸಮಾಧಾನಕ್ಕೆ, "ಪೇಪರಲ್ಲಿ ಬಂದಿರುತ್ತೆ, ಓದಿ ಬರ್ತಾರೆ ಬಿಡಿ" ಅಂದಳಂತೆ. ಅದಕ್ಕೆ ಇವರು ನಕ್ಕು, "ಹಾಗಾದ್ರೆ ಬಂದೇ ಬರ್ತಾಳೆ. ಅವಳ ತಮ್ಮನ ಪೇಪರು, ಒಂದಕ್ಷರ ಬಿಡಲ್ಲ" ಅಂದರಂತೆ. ಆಮೇಲೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರಂತೆ.

ಬರೆದುಬಿಟ್ಟೆ. ಇದನ್ನು ನಾನೊಬ್ಬಳೇ ಹೊತ್ತುಕೊಂಡಿರಲು ಆಗುವುದಿಲ್ಲ. ಸಿಟ್ಟಿಗೆ ಬರೆದದ್ದಲ್ಲ.

ಅಕ್ಕ

ಮೇ 12

ಅಕ್ಕಾ,

ಆ ತಲೆಬರಹ ನನ್ನದು. ನಿನಗೆ ಮೊದಲೇ ಗೊತ್ತು. ಆದರೂ ನನ್ನ ಕೈಯಲ್ಲಿ ಬರೆದು ಕೊಡದೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಮೊದಲ ಆವೃತ್ತಿ ಮುಗಿಸುವ ಹೊತ್ತಿಗೆ ಲಾಂಚ್ ಮುಳುಗಿದ ಸುದ್ದಿ ಬಂತು. ಎಲ್ಲರನ್ನೂ ಆಚೆ ದಡಕ್ಕೆ ಎತ್ತಿದ್ದಾರೆ ಅಂತ ಪೊಲೀಸರು ಹೇಳಿದರು. ನಿಮ್ಮೂರಿನ ವರದಿಗಾರ ಇನ್ನೂ ಫೋನ್ ಮಾಡಿರಲಿಲ್ಲ. ಪಕ್ಕದ ಮೇಜಿನವಳು, "ಸರ್, 'ಎಲ್ಲರೂ' ಅನ್ನೋದು ಬೇಡ. 'ಹಲವರ ರಕ್ಷಣೆ' ಅಂತ ಇಟ್ಟು ಕಳಿಸೋಣ" ಅಂದಳು. ಅದೇ ಸರಿ. ಅವಳಿಗೆ ಅದನ್ನು ಕಲಿಸಿದವನೇ ನಾನು. ಆದರೆ ಅವತ್ತು ಭಾವ ಪೇಟೆಗೆ ಹೋಗುವ ದಿನ ಅಂತ ನನಗೆ ಗೊತ್ತಿತ್ತು. 'ಹಲವರು' ಅಂತ ಬರೆದರೆ ಉಳಿದವರು ಯಾರು ಅಂತ ಯೋಚಿಸಬೇಕಾಗುತ್ತಿತ್ತು. ಯೋಚಿಸಲು ಧೈರ್ಯ ಬರಲಿಲ್ಲ. 'ಎಲ್ಲರೂ' ಅಂತ ಬರೆದು ಪುಟವನ್ನು ಅಚ್ಚಿಗೆ ಬಿಟ್ಟೆ. ನಡೆದದ್ದನ್ನು ಬರೆಯಲಿಲ್ಲ ಅಕ್ಕ, ನನಗೆ ಬೇಕಾದದ್ದನ್ನು ಬರೆದೆ.

ಆಮೇಲೆ ವರದಿಗಾರ ಫೋನ್ ಮಾಡಿ, ದಡದಲ್ಲಿದ್ದ ಪೊಲೀಸರ ಪಟ್ಟಿ ನೋಡಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿದ. ಬರೆದುಕೊಂಡವನು ನಾನೇ. ಭಾವನ ಹೆಸರು ಬಂದಾಗ, "ಇನ್ನೊಂದ್ಸಲ ಹೇಳು" ಅಂದೆ. ಹೇಳಿದ. ಬರೆದುಕೊಂಡೆ. ನಿಮ್ಮೂರಿನ ವ್ಯಾನ್ ಆಗಲೇ ಹೋಗಿತ್ತು. ಏಜೆಂಟರ ಅಂಗಡಿಗೆ ಫೋನ್ ಮಾಡುತ್ತಲೇ ಇದ್ದೆ, ಮುಚ್ಚಿದ ಅಂಗಡಿಯಲ್ಲಿ ಅದು ಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ನಗರದ ಆವೃತ್ತಿಗೆ 'ಹನ್ನೊಂದು ಸಾವು' ಅಂತ ಬರೆದವನೂ ನಾನೇ. ಎರಡನೆಯದಾದರೂ ಸರಿಯಾಗಿ ಬಂತು ಅಂತ ಸಂಪಾದಕರು ಬೆನ್ನು ತಟ್ಟಿದರು.

ನಿನ್ನ ಕಾಗದ ಹಿಡಿದುಕೊಂಡು ನೇರ ಅವರ ಬಳಿಗೇ ಹೋದೆ. ಭಾವ ನರ್ಸಿಗೆ ಹೇಳಿದ ಮಾತನ್ನು ಓದಿದೆ. ತಿದ್ದುಪಡಿ ಹಾಕಲು ಒಪ್ಪಿದ್ದಾರೆ. ತಿಂಗಳ ಕೊನೆಗೆ ಬರುತ್ತದೆ. ಅದು ಬಂದ ಮೇಲೆ ನಾನು ಕೆಲಸ ಬಿಡುತ್ತೇನೆ. ಇನ್ನು ಮುಂದೆ ನಾನು ಬರೆದದ್ದನ್ನು ಯಾರೂ ನಂಬಿಕೊಂಡು ಕುಳಿತುಕೊಳ್ಳುವುದು ಬೇಡ.

ಅತ್ತೆಯವರ ಮನೆಯ ಬೀದಿ ಮೂಲೆವರೆಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿಂದ ಮುಂದೆ ಕಾಲು ಏಳುವುದಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ.

ತಮ್ಮ

ಜೂನ್ 3

ಪುಟ್ಟಾ,

ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕರೆಯುತ್ತಿದ್ದೇನೆ. ನಿನ್ನ ಕಾಗದ ಓದಿದ ಮೇಲೆ ಆ ಹೆಸರೇ ಬಾಯಿಗೆ ಬಂತು.

ತಿದ್ದುಪಡಿ ಬಂದಿದೆ. ಏಜೆಂಟರೇ ಮನೆಗೆ ತಂದುಕೊಟ್ಟರು. ಒಳಪುಟದ ಮೂಲೆಯಲ್ಲಿ, ಫ್ಯಾನಿನ ಜಾಹೀರಾತಿನ ಕೆಳಗೆ, ನಾಲ್ಕು ಸಾಲು. ಜನವರಿ 25ರ ನಮ್ಮ ಮೊದಲ ಆವೃತ್ತಿಯಲ್ಲಿ ಲಾಂಚಿನ ಎಲ್ಲ ಪ್ರಯಾಣಿಕರೂ ಪಾರಾದರೆಂದು ಪ್ರಕಟವಾಗಿದ್ದುದು ತಪ್ಪು, ವಿಷಾದಿಸುತ್ತೇವೆ ಅಂತ. ಅಂಗಡಿ ಮುಂದೆ ಅದನ್ನು ಓದಿದ ಒಬ್ಬರು, "ಓಹೋ, ನಮ್ಮವರು ಸತ್ತಿದ್ದು ನಮಗೆ ಈಗ ಗೊತ್ತಾಯ್ತು ನೋಡಿ" ಅಂದರಂತೆ. ಯಾರೂ ನಗಲಿಲ್ಲವಂತೆ.

ನಗರದ ಪೇಪರಿನಲ್ಲಿ ಇದು ಬಂದಿದೆಯೇ ಅಂತ ಏಜೆಂಟರ ಕೈಯಲ್ಲಿ ಫೋನ್ ಮಾಡಿಸಿ ಕೇಳಿದೆ. ಬಂದಿಲ್ಲ. ನಿಮ್ಮ ಸಂಪಾದಕರ ಲೆಕ್ಕ ಸರಿಯೇ, ತಪ್ಪು ಎಲ್ಲಿಗೆ ಹೋಗಿತ್ತೋ ತಿದ್ದುಪಡಿಯೂ ಅಲ್ಲಿಗೇ ಹೋಗಿದೆ. ಆದರೆ ಅದು ತಪ್ಪು ಅನ್ನುವುದು ನಮ್ಮೂರಿನವರಿಗೆ ಮಣ್ಣು ಅಗೆಯುವಾಗಲೇ ಗೊತ್ತಾಗಿತ್ತು. ಗೊತ್ತಾಗಬೇಕಾದವರು ನಗರದಲ್ಲಿದ್ದಾರೆ. ಅವರಿಗೆ ನಾನೇ ತಲುಪಿಸಬೇಕು.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಆ ತುಣುಕು ಹಿಡಿದು ಬರುತ್ತಿದ್ದೇನೆ. ಬಸ್ ನಿಲ್ದಾಣದಲ್ಲಿ ನಿಂತಿರು. ಇಬ್ಬರೂ ಅತ್ತೆಯ ಮನೆಗೆ ಹೋಗೋಣ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಓದಿ ಹೇಳೋಣ. ಕೆಲಸ ಬಿಡುವ ಮಾತು ಆಮೇಲೆ.

ನಿನ್ನನ್ನು ಕ್ಷಮಿಸಿದ್ದೇನೆಯೇ ಅಂತ ನನಗೇ ತಿಳಿಯದು. ಒಂದು ದಿನ ಹೌದು ಅನ್ನಿಸುತ್ತದೆ, ಮರುದಿನ ನೀರು ಕಾಯಿಸುವಾಗ ಇಲ್ಲ ಅನ್ನಿಸುತ್ತದೆ. ಆದರೂ ನೀನು ನಿಲ್ದಾಣದಲ್ಲಿ ಇರಬೇಕು.

ನಿನ್ನ ದಾರಿ ಕಾಯುವ
ಅಕ್ಕ

ಜೂನ್ 15

ಪುಟ್ಟಾ,

ನಿಲ್ದಾಣದಲ್ಲಿ ನೀನಿರಲಿಲ್ಲ. ಎರಡು ಬಸ್ ಬಂದು ಹೋಗುವವರೆಗೆ ಕಾದೆ. ಆಮೇಲೆ ಒಬ್ಬಳೇ ಹೋದೆ.

ನಾದಿನಿ ಬಾಗಿಲನ್ನು ಅರ್ಧ ತೆಗೆದು, "ಅಮ್ಮ ಮಲಗಿದಾರೆ" ಅಂದಳು. ಒಳಗಿನಿಂದ, "ಯಾರೇ ಅದು?" ಅಂತ ಅತ್ತೆಯ ದನಿ ಬಂತು. ನಾನು ಮಾತಾಡದೆ ತುಣುಕನ್ನು ಅವಳ ಕೈಗಿಟ್ಟೆ. ಓದಿದಳು. ಇನ್ನೊಮ್ಮೆ ಓದಿದಳು. ಮುಖ ಇಳಿದುಹೋಯಿತು. "ಅತ್ತಿಗೆ, ಒಳಗೆ ಬನ್ನಿ" ಅಂದಳು.

ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಎಷ್ಟು ಸಣ್ಣಗಾಗಿದ್ದಾರೆ ಅಂದರೆ ಕುರ್ಚಿಯೇ ದೊಡ್ಡದು ಅನ್ನಿಸಿತು. ನಾದಿನಿ ಗಟ್ಟಿಯಾಗಿ ಓದಿ ಹೇಳಿದಳು. ಅತ್ತೆ ಕನ್ನಡಕ ತರಿಸಿಕೊಂಡು ತಾವೇ ನೋಡಿದರು. ನಾನು, ಅದನ್ನು ಬರೆದದ್ದು ನನ್ನ ತಮ್ಮ ಅತ್ತೆ, ಎರಡನ್ನೂ ಅವನೇ ಬರೆದದ್ದು ಅಂದೆ. ನೀನು ಹೇಳಬೇಕಾದದ್ದನ್ನು ನಾನು ಹೇಳಿದೆ. ಅವರು ತುಣುಕನ್ನು ಮಡಚಿ ಕೈಯಲ್ಲಿ ಇಟ್ಟುಕೊಂಡರು.

"ಅವತ್ತು ಬೆಳಿಗ್ಗೆ ಏನ್ ಮಾಡ್ತಿದ್ದೆ?" ಅಂತ ಕೇಳಿದರು. ಮೊದಲ ಸಲ ಒಬ್ಬರು ಹಾಗೆ ಕೇಳಿದರು. ಹೇಳಿದೆ. ನೀರು ಕಾಯಿಸಿದ್ದು, ನೀಲಿ ಅಂಗಿ, ಚಪ್ಪಲಿ ಕಳೆದುಕೊಂಡಿರುತ್ತಾರೆ ಅಂತ ನಕ್ಕಿದ್ದು ಎಲ್ಲ. ನರ್ಸ್ ಹೇಳಿದ್ದನ್ನೂ ಹೇಳಿದೆ. ನಾದಿನಿ ಎದ್ದು ಒಳಗೆ ಹೋದಳು.

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ಆಮೇಲೆ, "ನೀನು ನೀರು ಕಾಯಿಸ್ತಾ ಇದ್ದಾಗ ಅವನು ಬದುಕಿದ್ದ" ಅಂದರು.

"ಹೌದು ಅತ್ತೆ."

"ನಾನು ಇಲ್ಲಿ ಪೇಪರಲ್ಲಿ ಹೆಸರು ನೋಡಿ ಎದೆ ಎದೆ ಬಡ್ಕೊಂಡಾಗಲೂ ಬದುಕಿದ್ದ."

ನನಗೆ ಆಗ ತಿಳಿಯಿತು ಪುಟ್ಟಾ. ಇಷ್ಟು ತಿಂಗಳು ನನಗೆ ಹೊಳೆದಿರಲಿಲ್ಲ, ನಾದಿನಿಗೂ ಹೊಳೆದಿರಲಿಲ್ಲ. ನಿನಗೂ ಹೊಳೆದಿಲ್ಲ.

"ನೀನು ಅವನಿಗೆ ಅಂಗಿ ಇಸ್ತ್ರಿ ಮಾಡ್ತಿದ್ದೆ. ನಾನು ಹೆತ್ತವಳು, ಬೆಳಗಾಗ್ತಿದ್ದ ಹಾಗೇ ಅವನನ್ನ ಸಾಯಿಸಿ ಅತ್ತು ಮುಗಿಸಿದ್ದೆ" ಅಂದರು. "ನಿಮ್ಮೂರಿಗೆ ಬಂದದ್ದೂ ಸುಳ್ಳು, ನಮ್ಮೂರಿಗೆ ಬಂದದ್ದೂ ಸುಳ್ಳೇ ಕಣೇ." ಆಮೇಲೆ ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಕೈಯನ್ನು ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆ ನೋಡಿ, "ಬೀದಿ ಮೂಲೇಲಿ ನಿಂತಿರೋದು ನಿನ್ನ ತಮ್ಮ ತಾನೆ? ಆಗಾಗ ಬಂದು ನಿಂತು ಹೋಗ್ತಾನೆ. ಯಾರೋ ಅಂದ್ಕೊಂಡಿದ್ದೆ. ಕರಿ ಅವನನ್ನ" ಅಂದರು. ನಾನು ಓಡಿ ಹೊರಗೆ ಬರುವಷ್ಟರಲ್ಲಿ ಮೂಲೆ ಖಾಲಿಯಾಗಿತ್ತು. ನಿನ್ನ ಹೆಸರು ಹಿಡಿದು ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು. ನೀನು ಬರಲಿಲ್ಲ.

ಅತ್ತೆ ಒಂದು ಮಾತು ಹೇಳಿ ಕಳಿಸಿದ್ದಾರೆ. ಆ ಬೆಳಿಗ್ಗೆ ಸತ್ತಿದ್ದವರು ಹತ್ತು ಜನ. ನಿಮ್ಮ ಆಫೀಸಿನಲ್ಲಿ ಬೈಂಡ್ ಮಾಡಿಸಿ ಇಟ್ಟಿರುವುದರಲ್ಲಿ, ಸರಿಯಾಗಿ ಬಂದಿದೆ ಅಂತ ನಿನ್ನ ಬೆನ್ನು ತಟ್ಟಿದ್ದರಲ್ಲ ಅದರಲ್ಲಿ, ಹನ್ನೊಂದು ಅಂತ ಇದೆ. ಅದಕ್ಕೂ ನಾಲ್ಕು ಸಾಲು ಬೇಕಂತೆ. ನಗರದ ಆವೃತ್ತಿಯಲ್ಲಿ ಬೇಕಂತೆ. ಜನವರಿ 25ರ ಬೆಳಿಗ್ಗೆ ಅವನು ಬದುಕಿದ್ದ ಅಂತ ಅಚ್ಚಿನಲ್ಲಿ ಇರಬೇಕಂತೆ.

ಕೆಲಸ ಬಿಡುವುದಾದರೆ ಅದನ್ನು ಬರೆದ ಮೇಲೆ ಬಿಡು. ಬೇರೆಯವರು ಬರೆದರೆ ಅತ್ತೆ ಒಪ್ಪುವುದಿಲ್ಲ.

ನಾನು ಇನ್ನೂ ಅತ್ತೆಯ ಹತ್ತಿರವೇ ಇದ್ದೇನೆ. ಅವರು ದಿನಾ ನನಗಿಂತ ಮೊದಲೇ ಎದ್ದು, ಕನ್ನಡಕ ಹಾಕಿಕೊಂಡು, ಬಾಗಿಲು ತೆರೆದಿಟ್ಟು ಪೇಪರಿಗೆ ಕಾಯುತ್ತ ಕುಳಿತಿರುತ್ತಾರೆ.

ಅಕ್ಕ